ತೂಕ ಇಳಿಸುವ ಆಪರೇಶನ್ ಆದ ಮೇಲೆ: ಬದಲಾಗುವ ರುಚಿ, ಬದಲಾಗಬೇಕಾದ ಒತ್ತಾಯ

ಹಿಂದಿನ ಸಂಚಿಕೆಯಲ್ಲಿ ಅತಿಥಿ ಸತ್ಕಾರದ ಕುರಿತ ಜುಮುಆ ಖುತ್ಬಾದ ಸಾರಾಂಶ ಪ್ರಕಟವಾಗಿತ್ತು. ಅದನ್ನು ಓದಿದ ಸಹೋದರಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಎಂಟು ತಿಂಗಳ ಹಿಂದೆ ಅವರಿಗೆ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆಗಿದೆ. ಸಕ್ಕರೆ ಕಾಯಿಲೆಯ ಮಾತ್ರೆಗಳು ಕಡಿಮೆಯಾಗಿವೆ, ಮೊಣಕಾಲು ನೋವು ಇಳಿದಿದೆ. ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುತ್ತಿದ್ದವರು ಈಗ ನೆಲಕ್ಕೆ ಹಣೆಯಿಟ್ಟು ಸುಜೂದ್ ಮಾಡುತ್ತಿದ್ದಾರೆ. ಅಲ್‌ಹಮ್ದುಲಿಲ್ಲಾಹ್. ಆದರೆ ಅವರ ಸಂಕಟ ಇರುವುದು ಬೇರೆ ಕಡೆ.

"ಅತ್ತೆ ಪ್ರೀತಿಯಿಂದ ಬಿರಿಯಾನಿ ಮಾಡುತ್ತಾರೆ. ಅದರ ವಾಸನೆಗೇ ನನಗೆ ಹೊಟ್ಟೆ ತೊಳಸುತ್ತದೆ. ತಿನ್ನದಿದ್ದರೆ ಅವರಿಗೆ ಬೇಸರ, ತಿಂದರೆ ನನಗೆ ವಾಂತಿ. ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದೇನೆ. ತೆಳ್ಳಗಾದ ಮೇಲೆ ನನಗೆ ಸೊಕ್ಕು ಬಂದಿದೆ ಎಂದು ನೆಂಟರು ಆಡಿಕೊಳ್ಳುತ್ತಾರೆ. ನಾನೇನು ಮಾಡಲಿ?"

ಇದು ಅವರೊಬ್ಬರ ಪ್ರಶ್ನೆಯಲ್ಲ. ಈಗ ನಮ್ಮ ಕುಟುಂಬಗಳಲ್ಲೂ ಈ ಚಿಕಿತ್ಸೆ ಮಾಡಿಸಿಕೊಂಡವರು ಇದ್ದಾರೆ. ಆಪರೇಶನ್‌ಗೆ ಮುಂಚೆ ಮನೆಯವರೆಲ್ಲ ಖರ್ಚಿನ ಬಗ್ಗೆ, ಅಪಾಯದ ಬಗ್ಗೆ ವಿಚಾರಿಸುತ್ತಾರೆ. ಆಪರೇಶನ್ ಆದವರ ನಾಲಿಗೆ, ಹಸಿವು, ಊಟದ ರೀತಿ ಹೇಗೆ ಬದಲಾಗುತ್ತದೆ ಎಂಬುದನ್ನು ಕೇಳಿ ತಿಳಿದುಕೊಳ್ಳುವವರು ಕಡಿಮೆ. ಆ ಸಹೋದರಿಗೆ ಉತ್ತರ ಹೇಳುವ ನೆಪದಲ್ಲಿ ಅವರ ಅತ್ತೆಗೂ ನೆಂಟರಿಗೂ ತಲುಪಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇವೆ.

ಹೊಟ್ಟೆಯೊಳಗೆ ಏನಾಗಿದೆ?

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ದೂರವಾಗಲಿ. ಈ ಶಸ್ತ್ರಚಿಕಿತ್ಸೆ ಅಂದವಾಗಿ ಕಾಣಲು ಮಾಡಿಸುವುದಲ್ಲ. ಬೊಜ್ಜು ಒಂದು ಕಾಯಿಲೆಯ ಮಟ್ಟ ಮುಟ್ಟಿ, ಅದರಿಂದ ಮಧುಮೇಹ, ರಕ್ತದೊತ್ತಡ, ನಿದ್ದೆಯಲ್ಲಿ ಉಸಿರು ಕಟ್ಟುವುದು ಮುಂತಾದ ತೊಂದರೆಗಳು ಬಂದಾಗ ವೈದ್ಯರು ಸೂಚಿಸುವ ಚಿಕಿತ್ಸೆ ಇದು.

ಸಾಮಾನ್ಯವಾಗಿ ನಡೆಯುವುದು ಎರಡು ವಿಧ. ಸ್ಲೀವ್ ಎಂಬ ವಿಧಾನದಲ್ಲಿ ಜಠರದ ಶೇ. 75ರಿಂದ 80ರಷ್ಟು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಬಾಳೆಹಣ್ಣಿನ ಆಕಾರದ ಒಂದು ಕೊಳವೆ ಮಾತ್ರ ಉಳಿಯುತ್ತದೆ. ಗ್ಯಾಸ್ಟ್ರಿಕ್ ಬೈಪಾಸ್ ಎಂಬುದರಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಉಣ್ಣುವ ಆಹಾರವು ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಬಿಟ್ಟು ಮುಂದೆ ಸಾಗುತ್ತದೆ. 30 ಮಿಲಿಲೀಟರ್ ಎಂದರೆ ಎರಡು ದೊಡ್ಡ ಚಮಚ. ಕಾಲಕ್ರಮದಲ್ಲಿ ಅದು ಸ್ವಲ್ಪ ಹಿಗ್ಗುತ್ತದೆ. ಆದರೂ ಮೊದಲಿನ ಹೊಟ್ಟೆ ಮರಳಿ ಬರುವುದಿಲ್ಲ.

ಇಷ್ಟನ್ನು ಕೇಳಿದವರು "ಜಾಗ ಕಡಿಮೆಯಾಗಿದೆ, ಹಾಗಾಗಿ ಕಡಿಮೆ ತಿನ್ನುತ್ತಾರೆ" ಎಂದುಕೊಳ್ಳುತ್ತಾರೆ. ಅದು ಅರ್ಧ ಸತ್ಯ. ಜಾಗ ಮಾತ್ರ ಕಡಿಮೆಯಾಗಿದ್ದರೆ ಹಸಿವು ಹಾಗೆಯೇ ಉಳಿಯಬೇಕಿತ್ತು. ಆದರೆ ಹಸಿವೇ ಬದಲಾಗುತ್ತದೆ.

ಹಸಿವು ಎಲ್ಲಿಂದ ಬರುತ್ತದೆ?

1999ರಲ್ಲಿ ಜಪಾನಿನ ಸಂಶೋಧಕರಾದ ಕೊಜಿಮಾ ಮತ್ತು ಕಂಗಾವಾ ಗ್ರೆಲಿನ್ ಎಂಬ ಹಾರ್ಮೋನನ್ನು ಪತ್ತೆ ಹಚ್ಚಿದರು. ಇದು ಹೆಚ್ಚಾಗಿ ಜಠರದ ಮೇಲ್ಭಾಗದಲ್ಲಿ ತಯಾರಾಗುತ್ತದೆ. ಊಟದ ಹೊತ್ತಿಗೆ ರಕ್ತದಲ್ಲಿ ಏರಿ ಮೆದುಳಿಗೆ "ಹಸಿವಾಗಿದೆ" ಎಂಬ ಸುದ್ದಿ ಮುಟ್ಟಿಸುತ್ತದೆ. ಊಟವಾದ ಮೇಲೆ ಇಳಿಯುತ್ತದೆ.

2002ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ ನಾವೆಲ್ಲರೂ ತಿಳಿಯಬೇಕಾದದ್ದು. ಪಥ್ಯ ಮಾಡಿ ತೂಕ ಇಳಿಸಿದವರ ರಕ್ತದಲ್ಲಿ ಗ್ರೆಲಿನ್ ಮೊದಲಿಗಿಂತ ಹೆಚ್ಚಾಗಿತ್ತು. ಅಂದರೆ ತೂಕ ಇಳಿದಷ್ಟೂ ದೇಹವು ಹೆಚ್ಚು ಹಸಿವನ್ನು ಹುಟ್ಟಿಸುತ್ತಿತ್ತು. ಬೈಪಾಸ್ ಆದವರಲ್ಲಿ ಅದು ತೀರಾ ಕಡಿಮೆಯಿತ್ತು. ಸ್ಲೀವ್ ಆಪರೇಶನ್‌ನಲ್ಲಿ ಗ್ರೆಲಿನ್ ತಯಾರಾಗುವ ಭಾಗವನ್ನೇ ತೆಗೆಯುವುದರಿಂದ ಅಲ್ಲೂ ಅದು ಇಳಿಯುತ್ತದೆ. ಇದರ ಜೊತೆಗೆ, ಆಹಾರ ಬೇಗನೆ ಸಣ್ಣ ಕರುಳಿಗೆ ಇಳಿಯುವ ಕಾರಣ, "ಸಾಕು" ಎಂದು ಹೇಳುವ ಬೇರೆ ಹಾರ್ಮೋನ್‌ಗಳು ಊಟದ ನಂತರ ಮೊದಲಿಗಿಂತ ಹೆಚ್ಚು ಏರುತ್ತವೆ. ಈಗ ತೂಕ ಇಳಿಸಲು ಕೊಡುವ ಹೊಸ ಚುಚ್ಚುಮದ್ದುಗಳು ಅನುಕರಿಸುವುದೂ ಅಂಥದೇ ಒಂದು ಹಾರ್ಮೋನನ್ನು.

ಇದರಿಂದ ಎರಡು ಪಾಠ ಕಲಿಯಬಹುದು. ಪಥ್ಯ ಮಾಡಿ ಸೋತವರನ್ನು "ಬಾಯಿ ಕಟ್ಟಲಾಗದವರು" ಎಂದು ಹೀಯಾಳಿಸಿದ್ದು ನ್ಯಾಯವಾಗಿರಲಿಲ್ಲ. ಈಗ ನಾಲ್ಕು ತುತ್ತಿಗೆ ಕೈ ತೊಳೆಯುವವರನ್ನು "ಸೊಕ್ಕಿನವರು" ಎನ್ನುವುದೂ ನ್ಯಾಯವಲ್ಲ. ಆಗ ದೇಹ ಬೇಡುತ್ತಿತ್ತು, ಈಗ ದೇಹ ಸಾಕೆನ್ನುತ್ತಿದೆ.

ನಾಲಿಗೆಯ ಬದಲಾವಣೆ

ಆಪರೇಶನ್ ಆದ ಅನೇಕರು ಹೇಳುವ ಮಾತು ಒಂದೇ ಬಗೆಯದು. ಮೊದಲು ಇಷ್ಟವಾಗಿದ್ದ ಸಿಹಿ ಈಗ ಗಂಟಲು ಹಿಡಿಯುವಷ್ಟು ಸಿಹಿ ಅನಿಸುತ್ತದೆ. ಎಣ್ಣೆಯಲ್ಲಿ ಕರಿದದ್ದು ಬೇಡವಾಗುತ್ತದೆ. ಮಾಂಸದ ವಾಸನೆ ಸೇರುವುದಿಲ್ಲ, ವಿಶೇಷವಾಗಿ ಕುರಿ ಮತ್ತು ದನದ ಮಾಂಸ. ಕೆಲವರಿಗೆ ಒಗ್ಗರಣೆಯ ಘಾಟು, ಕೆಲವರಿಗೆ ಮೊಟ್ಟೆ, ಕೆಲವರಿಗೆ ದಿನವೂ ಕುಡಿಯುತ್ತಿದ್ದ ಚಹಾ ಆಗುವುದಿಲ್ಲ. ಹಣ್ಣು, ಮೊಸರು, ಹುಳಿ ಪದಾರ್ಥಗಳ ಕಡೆ ಮನಸ್ಸು ಹೋಗುತ್ತದೆ. ಪತ್ರ ಬರೆದ ಸಹೋದರಿಗೆ ಬಿರಿಯಾನಿಯ ವಾಸನೆ ಆಗದಿರುವುದು ಅತ್ತೆಯ ಕೈರುಚಿಯ ದೋಷವಲ್ಲ, ಸೊಸೆಯ ನಾಟಕವೂ ಅಲ್ಲ. ಗರ್ಭಿಣಿಗೆ ಒಗ್ಗರಣೆಯ ವಾಸನೆ ಆಗದಿದ್ದರೆ ನಾವು ಯಾರೂ ಅವಳನ್ನು ದೂರುವುದಿಲ್ಲ. ಇದನ್ನೂ ಹಾಗೆಯೇ ತಿಳಿಯಬೇಕು.

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಇದನ್ನು ಅಳೆಯಲು ಒಂದು ಉಪಾಯ ಮಾಡಿದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಕಂಪ್ಯೂಟರಿನ ಮೌಸ್ ಒತ್ತಿದರೆ ಒಂದು ಚಾಕೊಲೇಟ್ ಮಿಠಾಯಿ ಸಿಗುತ್ತಿತ್ತು. ಪ್ರತಿ ಮಿಠಾಯಿಗೂ ಹಿಂದಿಗಿಂತ ಹೆಚ್ಚು ಸಲ ಒತ್ತಬೇಕು. ಎಷ್ಟರವರೆಗೆ ಒತ್ತುತ್ತಾರೋ ಅಷ್ಟು ಆಸೆ ಇದೆ ಎಂದು ಲೆಕ್ಕ. ಬೈಪಾಸ್ ಆದ ಮೇಲೆ ಅದೇ ಜನರು ಮೊದಲಿನ ಅರ್ಧದಷ್ಟರಲ್ಲೇ ಕೈ ಬಿಟ್ಟರು. ಮಿಠಾಯಿಯ ಬದಲು ತರಕಾರಿ ಕೊಟ್ಟಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಸಿಹಿ ಮತ್ತು ಕೊಬ್ಬಿನ ಸೆಳೆತವೇ ತಗ್ಗಿತ್ತು.

ಆದರೆ ಇದನ್ನು ಅತಿಯಾಗಿ ನಂಬಿ ಕೂರುವಂತಿಲ್ಲ. ಡೆನ್ಮಾರ್ಕಿನಲ್ಲಿ ಆಪರೇಶನ್ ಆದವರ ಮುಂದೆ ಬಗೆಬಗೆಯ ಆಹಾರ ಇಟ್ಟು ನೋಡಿದಾಗ, ಅವರು ಮೊದಲಿಗಿಂತ ಕಡಿಮೆ ತಿಂದರು, ಆದರೆ ಆರಿಸಿಕೊಂಡದ್ದು ಹೆಚ್ಚು ಕಡಿಮೆ ಹಿಂದಿನಂಥ ಪದಾರ್ಥಗಳನ್ನೇ. ಎಲ್ಲರ ನಾಲಿಗೆಯೂ ಒಂದೇ ರೀತಿ ಬದಲಾಗುವುದಿಲ್ಲ, ಬದಲಾದದ್ದು ಶಾಶ್ವತವಾಗಿಯೂ ಉಳಿಯುವುದಿಲ್ಲ. ಮಾಂಸದ ಮೇಲಿನ ಬೇಸರ ಹಲವರಲ್ಲಿ ತಿಂಗಳುಗಳು ಕಳೆದಂತೆ ತಗ್ಗುತ್ತದೆ. ಆದ್ದರಿಂದ ಅತ್ತೆಯವರು ಬಿರಿಯಾನಿಯ ಹಂಡೆಯನ್ನು ಅಟ್ಟಕ್ಕೆ ಏರಿಸಬೇಕಾಗಿಲ್ಲ. ಸ್ವಲ್ಪ ಕಾಯಬೇಕು, ಅಷ್ಟೆ.

ಹೊಸದಾಗಿ ಉಣ್ಣಲು ಕಲಿಯುವುದು

ಆಪರೇಶನ್ ಆದವರು ಮಗುವಿನಂತೆ ಮೊದಲಿನಿಂದ ಊಟ ಕಲಿಯುತ್ತಾರೆ. ಮೊದಲು ತಿಳಿ ನೀರಿನಂಥ ದ್ರವ, ಆಮೇಲೆ ಹಾಲು ಮಜ್ಜಿಗೆಯಂಥದ್ದು, ನಂತರ ನುಣ್ಣಗೆ ಅರೆದದ್ದು, ಬಳಿಕ ಮೆತ್ತಗಿನ ಆಹಾರ. ಸಾಮಾನ್ಯ ಊಟಕ್ಕೆ ಬರಲು ಆರರಿಂದ ಎಂಟು ವಾರ ಬೇಕು. ಅಲ್ಲಿಂದ ಮುಂದೆ ಜೀವನಪೂರ್ತಿ ಕೆಲವು ನಿಯಮಗಳು ಜೊತೆಗಿರುತ್ತವೆ.

ಚಿಕ್ಕ ತುತ್ತು, ಚೆನ್ನಾಗಿ ಅಗಿಯುವುದು, ನಿಧಾನವಾಗಿ ನುಂಗುವುದು ಮೊದಲನೆಯದು. ಊಟದ ಜೊತೆ ನೀರು ಕುಡಿಯುವಂತಿಲ್ಲ. ಊಟವಾಗಿ ಅರ್ಧ ಗಂಟೆಯ ನಂತರ ಗುಟುಕು ಗುಟುಕಾಗಿ ಕುಡಿಯಬೇಕು. ತಟ್ಟೆಯಲ್ಲಿ ಮೊದಲು ಪ್ರೋಟೀನ್ ಇರುವುದನ್ನು ತಿನ್ನಬೇಕು, ಅನ್ನ ರೊಟ್ಟಿ ಆಮೇಲೆ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕೆಂದು ವೈದ್ಯರು ಹೇಳುತ್ತಾರೆ. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ, ಬೇಯಿಸಿದ 100 ಗ್ರಾಂ ಮೀನಿನಲ್ಲಿ 20 ಗ್ರಾಂ, ಅಷ್ಟೇ ಕೋಳಿ ಮಾಂಸದಲ್ಲಿ 25 ಗ್ರಾಂ. ನಾಲ್ಕು ತುತ್ತಿನ ಹೊಟ್ಟೆಗೆ ಇದು ಸಣ್ಣ ಲೆಕ್ಕವಲ್ಲ. "ಒಂದು ಹಿಡಿ ಅನ್ನವಾದರೂ ತಿನ್ನಮ್ಮಾ" ಎಂದು ನಾವು ಬಲವಂತ ಮಾಡಿದರೆ, ಮೀನು ಹೋಗಬೇಕಾದ ಜಾಗಕ್ಕೆ ಅನ್ನ ಹೋಗಿ ಕೂರುತ್ತದೆ.

ಮಾಂಸ ಆಗದವರಿಗೆ ದಾರಿಗಳಿವೆ. ಬಿರಿಯಾನಿಯ ಗಟ್ಟಿ ತುಂಡಿನ ಬದಲು ಮೆತ್ತಗೆ ಬೆಂದ ಕೈಮಾ, ಖಾರ ಕಡಿಮೆ ಮಾಡಿದ ಮೀನು, ಗಟ್ಟಿ ದಾಲ್, ಪನೀರ್, ಮೊಸರು. ಬಿಸಿ ಆಹಾರದ ವಾಸನೆ ಆಗದವರಿಗೆ ಸ್ವಲ್ಪ ಆರಿಸಿ ಕೊಟ್ಟರೆ ಸೇರುತ್ತದೆ. ಮೆತ್ತಗಿನ ಅನ್ನ, ಚಪಾತಿ, ಬ್ರೆಡ್, ಒಣಗಿದ ಮಾಂಸ ಇವು ಕೆಲವರಿಗೆ ಎದೆಯ ಹತ್ತಿರ ಸಿಕ್ಕಿಕೊಂಡಂತಾಗಿ ಬಾಯಲ್ಲಿ ನೊರೆ ಬರುತ್ತದೆ. ಅವಸರದಲ್ಲಿ ತಿಂದಾಗ ಇದು ಹೆಚ್ಚು. ಎಂದೋ ಒಮ್ಮೆ ಹೀಗಾದರೆ ಹೆದರಬೇಕಾಗಿಲ್ಲ. ಆದರೆ ದಿನಗಟ್ಟಲೆ ವಾಂತಿ ನಿಲ್ಲದಿದ್ದರೆ ಮನೆಮದ್ದು ಮಾಡುತ್ತಾ ಕೂರಬಾರದು. ವಿಟಮಿನ್ ಬಿ1 ಕೊರತೆಯಾಗಿ ನರಗಳಿಗೆ ಹಾನಿಯಾಗಬಹುದು. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಶರಬತ್ತು, ಖೀರು ಮತ್ತು ಎದೆಬಡಿತ

ನಮ್ಮ ಸಮಾರಂಭಗಳಲ್ಲಿ ಮೊದಲು ಕೈಗೆ ಬರುವುದು ಶರಬತ್ತಿನ ಲೋಟ, ಕೊನೆಗೆ ಬರುವುದು ಸಿಹಿ. ಆಪರೇಶನ್ ಆದವರಿಗೆ, ಮುಖ್ಯವಾಗಿ ಬೈಪಾಸ್ ಆದವರಿಗೆ, ಇವೆರಡೂ ಕಷ್ಟ ಕೊಡುತ್ತವೆ. ಸಕ್ಕರೆ ಒಮ್ಮೆಲೇ ಸಣ್ಣ ಕರುಳಿಗೆ ಇಳಿದಾಗ ಅದು ನೀರನ್ನು ಎಳೆದುಕೊಳ್ಳುತ್ತದೆ. ಹತ್ತರಿಂದ ಮೂವತ್ತು ನಿಮಿಷದೊಳಗೆ ಎದೆ ಡವಗುಟ್ಟುವುದು, ಬೆವರು, ಹೊಟ್ಟೆ ಹಿಂಡುವುದು, ಭೇದಿ, ಮಲಗಿಬಿಡಬೇಕೆನ್ನುವಷ್ಟು ಸುಸ್ತು ಆಗುತ್ತದೆ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಇನ್ನೊಂದು ಬಗೆ ಒಂದರಿಂದ ಮೂರು ಗಂಟೆಯ ನಂತರ ಬರುತ್ತದೆ. ಆಗ ಇನ್ಸುಲಿನ್ ಅತಿಯಾಗಿ ಹರಿದು ರಕ್ತದ ಸಕ್ಕರೆ ಕುಸಿಯುತ್ತದೆ, ಕೈ ನಡುಗಿ ಕಣ್ಣು ಕತ್ತಲೆ ಬರುತ್ತದೆ.

300 ಮಿಲಿಲೀಟರ್ ತಂಪು ಪಾನೀಯದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. "ಒಂದು ಲೋಟಕ್ಕೆ ಏನಾಗುತ್ತದೆ" ಎಂದು ಕೈಗಿಡುವವರು ಇದನ್ನು ನೆನಪಿಡಲಿ. ಆ ಸಹೋದರಿ ಮದುವೆ ಮನೆಗೆ ಹೋಗಲು ಹಿಂಜರಿಯುವುದು ನೆಂಟರ ಮೇಲಿನ ತಿರಸ್ಕಾರದಿಂದಲ್ಲ. ನೂರು ಜನರ ನಡುವೆ ಬೆವರಿ ಕುಸಿದೇನೆಂಬ ಭಯದಿಂದ ಇರಬಹುದು.

ವರ್ಷ ಕಳೆದ ಮೇಲೆ

ಇದುವರೆಗೆ ಹೇಳಿದ್ದು ಮನೆಯವರಿಗೆ. ಇನ್ನು ಆಪರೇಶನ್ ಆದವರಿಗೇ ಹೇಳಬೇಕಾದ ಒಂದು ಮಾತಿದೆ.

ಮೊದಲ ವರ್ಷ ಹಸಿವಿಲ್ಲದೆ ಹಗುರವಾಗಿ ಕಳೆಯುತ್ತದೆ. ನಂತರ ಒಂದು ದಿನ ಹಳೆಯ ಆಸೆ ಮರಳಿ ಬಾಗಿಲು ತಟ್ಟುತ್ತದೆ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ದೀರ್ಘ ಅಧ್ಯಯನದಲ್ಲಿ, ಬೈಪಾಸ್ ಆದವರ ತೂಕ ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ಶೇ. 32ರಷ್ಟು ಇಳಿದಿತ್ತು. ಹತ್ತು ವರ್ಷದ ಹೊತ್ತಿಗೆ ಆ ಇಳಿಕೆ ಶೇ. 25ಕ್ಕೆ ಬಂದು ನಿಂತಿತ್ತು. ಹತ್ತು ವರ್ಷದ ನಂತರವೂ ಕಾಲು ಭಾಗ ತೂಕ ಇಳಿದೇ ಇರುವುದು ದೊಡ್ಡ ಫಲವೇ. ಆದರೆ ಸ್ವಲ್ಪ ತೂಕ ಮರಳುವುದು ಸಾಮಾನ್ಯ. ಅದು ಪಾಪವೆಂದು ಕೊರಗುವುದೂ ಬೇಡ, ಮುಚ್ಚಿಡುವುದೂ ಬೇಡ.

ಆಗ ಎರಡು ಹಸಿವುಗಳ ವ್ಯತ್ಯಾಸ ಗುರುತಿಸಲು ಕಲಿಯಬೇಕು. ಹೊಟ್ಟೆಯ ಹಸಿವು ನಿಧಾನವಾಗಿ ಬರುತ್ತದೆ, ಇದ್ದದ್ದನ್ನು ತಿಂದು ಸುಮ್ಮನಾಗುತ್ತದೆ. ಮನಸ್ಸಿನ ಹಸಿವು ಥಟ್ಟನೆ ಬರುತ್ತದೆ, ಒಂದೇ ತಿನಿಸನ್ನು ಹಟ ಹಿಡಿದು ಕೇಳುತ್ತದೆ. ಬೇಸರ, ಒಂಟಿತನ, ಮನೆಯ ಜಗಳ ಇದರ ಹಿಂದೆ ಇರುತ್ತದೆ. ಮೊದಲು ಊಟದಲ್ಲಿ ಸಮಾಧಾನ ಕಾಣುತ್ತಿದ್ದವರಿಗೆ ಈಗ ಆ ದಾರಿ ಮುಚ್ಚಿದೆ. ಅವರಿಗೆ ಮಾತಾಡಲು ಯಾರಾದರೂ ಬೇಕು. ಊಟವಾದ ಮೇಲೆ ಜೊತೆಗೆ ಒಂದು ಸುತ್ತು ನಡೆಯಲು ಬರುವ ಗಂಡ, ಅಕ್ಕ ಅಥವಾ ಮಗಳು ಯಾವ ಮಾತ್ರೆಗೂ ಕಡಿಮೆಯಲ್ಲ.

ಇನ್ನೊಂದು ಮೋಸ ತಿನಿಸುಗಳದ್ದು. ಚಿಪ್ಸ್, ಮಿಕ್ಸ್‌ಚರ್, ಬಿಸ್ಕತ್ತು, ಐಸ್‌ಕ್ರೀಮ್ ಚಿಕ್ಕ ಹೊಟ್ಟೆಯಲ್ಲೂ ಸುಲಭವಾಗಿ ಜಾರಿ ಹೋಗುತ್ತವೆ. ಮೂರು ತುಂಡು ಕೋಳಿ ತಿನ್ನಲಾಗದವರು ಒಂದು ಪೊಟ್ಟಣ ಬಿಸ್ಕತ್ತನ್ನು ಮಧ್ಯಾಹ್ನವಿಡೀ ಚಹಾದಲ್ಲಿ ಅದ್ದಿ ಮುಗಿಸಬಲ್ಲರು. ಆಗಾಗ ಸ್ವಲ್ಪ ಸ್ವಲ್ಪ ಮೆಲ್ಲುವ ಈ ಅಭ್ಯಾಸವೇ ತೂಕವನ್ನು ಮರಳಿ ತರುವ ದೊಡ್ಡ ಕಾರಣಗಳಲ್ಲಿ ಒಂದು. ಊಟಕ್ಕೆ ಹೊತ್ತು ಗೊತ್ತುಮಾಡಿಕೊಳ್ಳುವುದೇ ಇದಕ್ಕೆ ಮದ್ದು.

ಐಸ್, ಹಸಿ ಅಕ್ಕಿ, ಮಣ್ಣಿನ ಆಸೆ

ಒಂದು ವಿಚಿತ್ರ ಬಯಕೆಯನ್ನು ಮಾತ್ರ ಚಪಲವೆಂದು ನಕ್ಕು ಬಿಡಬಾರದು. ಫ್ರಿಜ್‌ನಿಂದ ಐಸ್ ತುಂಡು ತೆಗೆದು ಕಡಿಯುತ್ತಲೇ ಇರುವುದು, ಹಸಿ ಅಕ್ಕಿ, ಸೀಮೆಸುಣ್ಣ, ಮಣ್ಣು ತಿನ್ನಬೇಕೆನಿಸುವುದು ಕಬ್ಬಿಣಾಂಶದ ಕೊರತೆಯ ಲಕ್ಷಣವಾಗಿರಬಹುದು. ಕಬ್ಬಿಣ ಹೆಚ್ಚಾಗಿ ಹೀರಲ್ಪಡುವ ಕರುಳಿನ ಭಾಗವನ್ನೇ ಬೈಪಾಸ್‌ನಲ್ಲಿ ಬಿಟ್ಟು ಹೋಗುವುದರಿಂದ, ಮುಟ್ಟಾಗುವ ಹೆಂಗಸರಲ್ಲಿ ಈ ಕೊರತೆ ಬೇಗ ಕಾಣುತ್ತದೆ. ರಕ್ತ ಪರೀಕ್ಷೆ ಮಾಡಿಸಬೇಕು.

ಕಬ್ಬಿಣ, ಬಿ12, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು. "ಈಗ ಆರಾಮಾಗಿದ್ದೇನೆ" ಎಂದು ನಿಲ್ಲಿಸುವಂತಿಲ್ಲ. ಕ್ಯಾಪ್ಸೂಲಿನ ಹೊದಿಕೆಯಲ್ಲಿ ಪ್ರಾಣಿಜನ್ಯ ಜೆಲಾಟಿನ್ ಇರಬಹುದೆಂಬ ಸಂಶಯದಿಂದ ಕೆಲವರು ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಮಾತ್ರೆ ರೂಪದಲ್ಲೂ ಸಸ್ಯಜನ್ಯ ಹೊದಿಕೆಯಲ್ಲೂ ಇವು ಸಿಗುತ್ತವೆ.

ರಮಝಾನ್ ಬಂದಾಗ

ಈ ಸಹೋದರಿಯ ಪತ್ರದ ಕೊನೆಯ ಸಾಲು ಉಪವಾಸದ ಬಗ್ಗೆ. "ಈ ವರ್ಷ ನಾನು ಉಪವಾಸ ಹಿಡಿಯದಿದ್ದರೆ ಜನ ಏನೆನ್ನುತ್ತಾರೆ?"

ಜನರ ಮಾತಿಗಿಂತ ಮೊದಲು ಒಂದು ಲೆಕ್ಕ ನೋಡೋಣ. ನಮ್ಮಲ್ಲಿ ಉಪವಾಸ ಸುಮಾರು 13 ಗಂಟೆ. ದಿನಕ್ಕೆ ಒಂದೂವರೆ ಲೀಟರ್ ನೀರಾದರೂ ಬೇಕು. ಒಂದು ಸಲಕ್ಕೆ 100 ಮಿಲಿಲೀಟರ್‌ನಂತೆ 20 ನಿಮಿಷಕ್ಕೊಮ್ಮೆ ಕುಡಿದರೆ ಬರೀ ನೀರಿಗೇ ಐದು ಗಂಟೆ ಬೇಕು. ಊಟದ ಹೊತ್ತಿನಲ್ಲಿ ನೀರು ಕುಡಿಯುವಂತಿಲ್ಲ. ಇದರ ನಡುವೆ 60 ಗ್ರಾಂ ಪ್ರೋಟೀನ್, ಮಾತ್ರೆಗಳು, ತರಾವೀಹ್, ನಿದ್ದೆ, ಸಹ್ರಿ. ಆಪರೇಶನ್ ಆದ ಮೊದಲ ತಿಂಗಳುಗಳಲ್ಲಿ ಇದು ಆಗುವ ಕೆಲಸವಲ್ಲ. ಆದ್ದರಿಂದಲೇ ಅನೇಕ ವೈದ್ಯರು ಮೊದಲ ವರ್ಷದ ಉಪವಾಸವನ್ನು ಬೇಡವೆನ್ನುತ್ತಾರೆ.

ರೋಗಿಗೆ ಬೇರೆ ದಿನಗಳಲ್ಲಿ ಪೂರ್ತಿ ಮಾಡುವ ರಿಯಾಯಿತಿಯನ್ನು ಕುರ್‌ಆನ್ ಅಲ್ ಬಕರ ಅಧ್ಯಾಯದಲ್ಲೇ ಕೊಟ್ಟಿದೆ. ಅಲ್ಲಾಹನು ಕೊಟ್ಟ ರಿಯಾಯಿತಿಗೆ ನೆಂಟರ ಒಪ್ಪಿಗೆ ಬೇಕಾಗಿಲ್ಲ. ತಮ್ಮ ಸ್ಥಿತಿಯನ್ನು ವೈದ್ಯರಿಂದ ತಿಳಿದು, ಕಝಾ ಮತ್ತು ಫಿದ್ಯಾದ ವಿಚಾರವನ್ನು ಉಲಮಾಗಳಲ್ಲಿ ಕೇಳಿ ತೀರ್ಮಾನಿಸಲಿ.

ಮುಂದಿನ ವರ್ಷಗಳಲ್ಲಿ ವೈದ್ಯರ ಒಪ್ಪಿಗೆಯಿಂದ ಉಪವಾಸ ಹಿಡಿಯುವವರು ಇಫ್ತಾರ್‌ಗೆ ಚಿಕ್ಕದೊಂದು ಖರ್ಜೂರ, ಎರಡು ಗುಟುಕು ನೀರಿನಿಂದ ಶುರು ಮಾಡಿ ಮಗ್ರಿಬ್ ನಮಾಝ್ ಮುಗಿಸಲಿ. ಆಮೇಲೆ ಮೀನು, ಮೊಟ್ಟೆ ಅಥವಾ ದಾಲ್. ಸಮೋಸ, ಶರಬತ್ತು ಬೇಡ. ತರಾವೀಹ್‌ಗೆ ನೀರಿನ ಬಾಟಲಿ ಜೊತೆಗಿರಲಿ. ಸಹ್ರಿ ತಪ್ಪಿಸಬಾರದು. ಸಕ್ಕರೆ ಕಾಯಿಲೆಯ ಮದ್ದು ತೆಗೆದುಕೊಳ್ಳುವವರು ಪ್ರಮಾಣವನ್ನು ಮೊದಲೇ ಬದಲಿಸಿಕೊಳ್ಳಬೇಕು. ತಲೆ ಸುತ್ತಿ ಕೈ ನಡುಗಿದರೆ ಉಪವಾಸ ಬಿಡಲೇಬೇಕು.

ದಸ್ತರಖಾನಿನ ಮುಂದೆ

ಇನ್ನು ಆ ಸಹೋದರಿಯ ಮೊದಲ ಪ್ರಶ್ನೆಗೆ ಬರೋಣ. ನಾನೇನು ಮಾಡಲಿ?

ಸಹೋದರಿ, ಅತ್ತೆಯವರಿಗೆ ಊಟದ ಹೊತ್ತಿನಲ್ಲಿ ಅಲ್ಲ, ಬಿಡುವಿನಲ್ಲಿ ಹೇಳಿ. ನಿಮ್ಮನ್ನು ನೋಡುವ ಆಹಾರ ತಜ್ಞರ ಬಳಿಗೆ ಮುಂದಿನ ಸಲ ಅವರನ್ನೂ ಕರೆದುಕೊಂಡು ಹೋಗಿ. ಸೊಸೆಯ ಬಾಯಿಂದ ಕೇಳಿದರೆ ನೆಪವೆನಿಸುವ ಮಾತು ವೈದ್ಯರ ಬಾಯಿಂದ ಬಂದಾಗ ಕಾಳಜಿಯಾಗುತ್ತದೆ. "ನಿಮ್ಮ ಅಡುಗೆ ಬೇಡ" ಎನ್ನಬೇಡಿ. "ನನಗೆ ಸೇರುವ ಹಾಗೆ ಕೈಮಾ ಮಾಡಿಕೊಡುತ್ತೀರಾ ಅತ್ತೆ" ಎಂದು ಕೇಳಿ. ಉಣಿಸಬೇಕೆಂಬ ಅವರ ಆಸೆಗೆ ಅಲ್ಲಿ ಒಂದು ದಾರಿ ಸಿಗುತ್ತದೆ. ಮದುವೆ ಮನೆಗೆ ಹೋಗಿ. ಮನೆಯಲ್ಲೇ ಸ್ವಲ್ಪ ತಿಂದು ಹೋಗಿ. ಅನ್ನ ಚೆಲ್ಲುವುದು ಇಸ್ರಾಫ್ ಎಂಬ ಅಳುಕು ಇದ್ದರೆ ಚಿಕ್ಕ ತಟ್ಟೆ ಹಿಡಿದು ನೀವೇ ಬಡಿಸಿಕೊಳ್ಳಿ. ತಟ್ಟೆ ಖಾಲಿ ಮಾಡಲೆಂದು ಹೊಟ್ಟೆ ಮೀರಿ ತಿನ್ನಬೇಡಿ, ಉಳಿದದ್ದನ್ನು ಎತ್ತಿಡಿ.

ತಾಯಂದಿರೇ, ಅತ್ತೆಯಂದಿರೇ, ಒತ್ತಾಯ ಮಾಡಿ ಬಡಿಸುವುದು ನಮ್ಮ ಮನೆಗಳ ಚೆಲುವು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅತಿಥಿಗೆ ನೋವಾಗದಂತೆ ನೋಡಿಕೊಳ್ಳುವುದೂ ಸತ್ಕಾರದ ಭಾಗವೇ. ಆಪರೇಶನ್ ಆದವರ ತಟ್ಟೆಗೆ ಕೇಳದೆ ಬಡಿಸಬೇಡಿ. ಎಷ್ಟು ಕೆಜಿ ಇಳಿದೆ ಎಂದು ನಾಲ್ಕು ಜನರ ಮುಂದೆ ಕೇಳಬೇಡಿ. "ಸಾಕು" ಎಂದಾಗ ಒಂದೇ ಸಲಕ್ಕೆ ನಂಬಿ. ಅವರ ಪಕ್ಕದಲ್ಲಿ ಕುಳಿತು, ಅವರು ತಮ್ಮ ನಾಲ್ಕು ತುತ್ತನ್ನು ಅರ್ಧ ಗಂಟೆ ಅಗಿದು ಮುಗಿಸುವವರೆಗೆ ಎದ್ದು ಹೋಗದೆ ಮಾತಾಡುತ್ತಾ ಇರಿ. ಊಟಕ್ಕಿಂತ ಹೆಚ್ಚಾಗಿ ಅವರು ಕಳೆದುಕೊಂಡಿರುವುದು ಜೊತೆಗೆ ಕೂತು ಉಣ್ಣುವ ಆ ಹೊತ್ತನ್ನು.